ನಮ್ಮ ಓಣಿಯ ಬಾಡಿಗೆಯೂ ಕಾರವಾರದ ನೇವಿ ಮನೆಗಳೂ

ದೆಹಲಿಯಲ್ಲಿ ತುಟ್ಟಿಭತ್ಯೆ ಏರಿದರೆ ಬೆಳಗಾವಿಯ ಗಣೇಶಪುರದಲ್ಲಿ ಮನೆ ಬಾಡಿಗೆ ಏರುತ್ತದೆ. ತಮಾಷೆಗೆ ಹೇಳ್ತಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರ ಡಿಎ (ತುಟ್ಟಿಭತ್ಯೆ) ಶೇ 50ಕ್ಕೆ ಏರಿಸಿತು. ಡಿಎ 50 ಮುಟ್ಟಿದರೆ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ, ಕೂಡ ಏರಬೇಕು ಅಂತ 7ನೇ ವೇತನ ಆಯೋಗದ ಕಾಲದಲ್ಲೇ ಲೆಕ್ಕ ಆಗಿದೆ. ಬೆಳಗಾವಿ ‘ವೈ’ ದರ್ಜೆಯ ಊರು, ಅಂದರೆ ಎಚ್‌ಆರ್‌ಎ ಲೆಕ್ಕಕ್ಕೆ ಮಾಡಿದ ಮೂರು ದರ್ಜೆಗಳಲ್ಲಿ ನಡುವಿನದು. ಇಲ್ಲಿ ಮೂಲ ವೇತನದ ಶೇ 18 ಇದ್ದ ಎಚ್‌ಆರ್‌ಎ ಶೇ 20 ಆಯಿತು. ಪೇಪರಿನಲ್ಲಿ ಸುದ್ದಿ ಬಂದ ಮರುದಿನವೇ ನಮ್ಮ ಓಣಿಯ ಕೊನೆ ಮನೆ ಕಾಕಾ ಹಾಲಿನ ಅಂಗಡಿ ಮುಂದೆ ನಿಂತು, ‘ಈ ಸಲ ಐನೂರು ಏರಸಾಕ ಏನೂ ಅಡ್ಡಿ ಇಲ್ಲ ಬಿಡ್ರಿ’ ಅಂದರು. ಅವರಿಗೆ ಸರ್ಕಾರಿ ನೌಕರಿ ಇಲ್ಲ, ಅವರ ಮನೆಯಲ್ಲಿ ಯಾರಿಗೂ ಇಲ್ಲ. ಆದರೆ ಡಿಎ ಲೆಕ್ಕ ಬ್ಯಾಂಕಿನವರಿಗಿಂತ ಚೆನ್ನಾಗಿ ಗೊತ್ತು.

ನಮ್ಮದು ಇಲ್ಲಿ ನಾಲ್ಕು ಬಾಡಿಗೆ ಮನೆ. ಕೆಳಗೆ ಎರಡು, ಮೇಲೆ ಎರಡು. ಕಟ್ಟಿಸಿದವರು ನಮ್ಮ ಮಾವ. ಅವರು ತೀರಿಕೊಂಡ ಮೇಲೆ ಬಾಡಿಗೆ ವಸೂಲಿ, ಪ್ಲಂಬರ್ ಜೊತೆ ಜಗಳ, ನೀರಿನ ಟ್ಯಾಂಕ್ ತೊಳೆಸುವುದು, ಕರೆಂಟ್ ಬಿಲ್ಲಿನ ತಕರಾರು, ಎಲ್ಲ ನನ್ನ ಪಾಲಿಗೆ ಬಂತು. ನಮ್ಮ ಯಜಮಾನರು ‘ನಿನಗ ಗೊತ್ತಿರತೈತಿ’ ಅಂತ ಪೇಪರ್ ಮುಖಕ್ಕೆ ಹಿಡಿದು ಕೂಡುತ್ತಾರೆ. ಕಂಟೋನ್ಮೆಂಟ್ ಹತ್ತಿರ ಇರುವುದರಿಂದ ಬಾಡಿಗೆಗೆ ಬರುವವರು ಹೆಚ್ಚಾಗಿ ಮಿಲ್ಟ್ರಿಯವರೇ. ಪಂಜಾಬಿನವರು ಬಂದಿದ್ದಾರೆ, ಉತ್ತರಾಖಂಡದವರು, ಸಾತಾರಾ ಕೊಲ್ಹಾಪುರದವರು, ಒಮ್ಮೆ ಮಣಿಪುರದವರೂ ಇದ್ದರು.

ಈಗ ಇದನ್ನೆಲ್ಲ ಬರೆಯಲು ಕಾರಣ ನನ್ನ ನಾದಿನಿ. ಅವಳನ್ನು ಕಾರವಾರಕ್ಕೆ ಕೊಟ್ಟಿದೆ. ಬಿಣಗಾದಲ್ಲಿ ಮನೆ. ಹೋದ ತಿಂಗಳು ಫೋನ್ ಮಾಡಿ, ‘ವೈನಿ, ಮ್ಯಾಲೆ ಎರಡು ಮನಿ ಕಟ್ಟಸಬೇಕಂತ ಮಾಡೇವಿ. ನೇವಿ ಮಂದಿಗೆ ಬಾಡಗಿ ಕೊಟ್ರ ಹೆಂಗ? ನಿಮಗ ಮಿಲ್ಟ್ರಿಯವರ ಜೋಡಿ ಇಷ್ಟು ವರ್ಷದ ರೂಢಿ ಐತಲ್ಲ’ ಅಂತ ಕೇಳಿದಳು. ವಾಟ್ಸ್ಆ್ಯಪ್‌ನಲ್ಲಿ ಉತ್ತರ ಬರೆಯಲು ಹೋದೆ, ಮುಗಿಯಲೇ ಇಲ್ಲ. ಆಮೇಲೆ ಅಲ್ಲಿಗೇ ಹೋಗಿ ನೋಡಿ ಬಂದೆ. ನಮ್ಮ ಕಡೆ ಇದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಹಾಗಾಗಿ ಇಲ್ಲೇ ಬರೆಯುತ್ತೇನೆ.

ಮೊದಲು ಒಂದು ಮಾತು. ಊರಲ್ಲಿ ಯುನಿಫಾರ್ಮ್ ಕಂಡಷ್ಟು ಬಾಡಿಗೆದಾರರು ಇರುವುದಿಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ. ಇನ್‌ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಇದೆ, ಕಮಾಂಡೋ ತರಬೇತಿ ನಡೆಯುತ್ತದೆ. ಸಾಂಬ್ರಾದಲ್ಲಿ ಏರ್‌ಫೋರ್ಸಿನ ಏರ್‌ಮೆನ್ ಟ್ರೇನಿಂಗ್ ಸ್ಕೂಲ್. ಮಿಲಿಟರಿ ಹಾಸ್ಪಿಟಲ್, ಮಿಲಿಟರಿ ಸ್ಕೂಲ್. ಬೆಳಿಗ್ಗೆ ಐದೂವರೆಗೆ ಹಿಂಡಲಗಾ ರಸ್ತೆಗೆ ಬಂದರೆ ಹುಡುಗರು ಸಾಲುಸಾಲಾಗಿ ಓಡುತ್ತಿರುತ್ತಾರೆ. ಆ ಹುಡುಗರಲ್ಲಿ ಒಬ್ಬನೂ ನಮಗೆ ಬಾಡಿಗೆದಾರ ಅಲ್ಲ. ಅವರು ಟ್ರೇನಿಂಗಿನವರು, ಬ್ಯಾರಕ್‌ನಲ್ಲಿ ಇರುತ್ತಾರೆ. ಕೋರ್ಸಿಗೆ ಬರುವವರು ಕೆಲವು ವಾರ ಇದ್ದು ಹೋಗುತ್ತಾರೆ. ಅವರಿಗೂ ಮನೆ ಬೇಡ.

ಮನೆ ಬೇಕಾಗುವುದು ಇಲ್ಲಿಯ ಖಾಯಂ ಸ್ಟಾಫಿಗೆ. ಉಸ್ತಾದ್‌ಗಳು ಅಂದರೆ ಟ್ರೇನಿಂಗ್ ಕೊಡುವವರು, ಕ್ಲರ್ಕ್‌ಗಳು, ನರ್ಸಿಂಗ್ ಅಸಿಸ್ಟೆಂಟ್‌ಗಳು, ಹವಾಲ್ದಾರ್‌ಗಳು, ಸುಬೇದಾರ್‌ಗಳು. ಎರಡು ಮೂರು ವರ್ಷದ ಪೋಸ್ಟಿಂಗ್ ಮೇಲೆ ಫ್ಯಾಮಿಲಿ ಕರೆದುಕೊಂಡು ಬರುತ್ತಾರೆ. ಕ್ವಾರ್ಟರ್ಸ್‌ಗೆ ಹೆಸರು ಕೊಟ್ಟು ಸರದಿಗೆ ಕಾಯುತ್ತಾರೆ. ಆ ಕಾಯುವ ಕಾಲವೇ ನಮ್ಮ ಬಾಡಿಗೆ. ಇನ್ನೊಂದು ಥರದವರು ಇದ್ದಾರೆ. ಗಂಡನಿಗೆ ಇಲ್ಲಿಂದ ಕಾಶ್ಮೀರಕ್ಕೋ ಈಶಾನ್ಯಕ್ಕೋ ಪೋಸ್ಟಿಂಗ್ ಆಗಿರುತ್ತದೆ. ಅಲ್ಲಿ ಫ್ಯಾಮಿಲಿ ಇಟ್ಟುಕೊಳ್ಳುವ ಹಾಗಿಲ್ಲ. ಮಕ್ಕಳು ಇಲ್ಲಿಯ ಕೇಂದ್ರೀಯ ವಿದ್ಯಾಲಯದಲ್ಲಿ ಓದುತ್ತಿರುತ್ತವೆ. ಹೆಂಡತಿ ಮಕ್ಕಳು ಇಲ್ಲೇ ಉಳಿಯುತ್ತಾರೆ. ನನ್ನ ಅನುಭವದಲ್ಲಿ ಇವರಷ್ಟು ಒಳ್ಳೆಯ ಬಾಡಿಗೆದಾರರು ಬೇರೆ ಇಲ್ಲ. ಐದನೇ ತಾರೀಖಿನೊಳಗೆ ದುಡ್ಡು ಬರುತ್ತದೆ. ಮನೆ ಕನ್ನಡಿಯ ಹಾಗೆ ಇರುತ್ತದೆ. ಆದರೆ ನಲ್ಲಿ ಸೋರಿದರೂ ನಾವೇ ನೋಡಬೇಕು, ರಾತ್ರಿ ಮಗುವಿಗೆ ಜ್ವರ ಬಂದರೂ ನಮ್ಮ ಬಾಗಿಲೇ ತಟ್ಟುತ್ತಾರೆ. ಅದಕ್ಕೆ ನನಗೆ ಬೇಜಾರಿಲ್ಲ.

ಈಗ ದುಡ್ಡಿನ ಲೆಕ್ಕ. ವೇತನ ಪಟ್ಟಿಯಲ್ಲಿ ಹವಾಲ್ದಾರನ ಮೂಲ ವೇತನ 29,200ಕ್ಕೆ ಶುರುವಾಗುತ್ತದೆ. ನಾಯಬ್ ಸುಬೇದಾರನದು 35,400, ಸುಬೇದಾರನದು 44,900. ಶೇ 20 ಅಂತ ಹಿಡಿದರೆ 5,840, 7,080, 8,980 ರೂಪಾಯಿ. ಸರ್ವಿಸ್ ಆದಷ್ಟೂ ಇನ್‌ಕ್ರಿಮೆಂಟ್ ಸೇರುತ್ತದೆ, ಹಾಗಾಗಿ ಇನ್ನೊಂದಿಷ್ಟು ಮೇಲೆ. ನಮ್ಮ ಕೆಳಗಿನ ಒಂದು ಬೆಡ್‌ರೂಮಿನ ಮನೆಗೆ 7,000. ಮೇಲಿನ ಎರಡು ಬೆಡ್‌ರೂಮಿನದಕ್ಕೆ 9,500. ಈ ಅಂಕಿಗಳನ್ನು ನಾನು ತಲೆ ಕೆಡಿಸಿಕೊಂಡು ಹುಡುಕಿದ್ದಲ್ಲ. ಅವರ ಸ್ಯಾಲರಿ ಸ್ಲಿಪ್ಪೇ ಹೇಳುತ್ತದೆ. ಎಚ್‌ಆರ್‌ಎ ಎಷ್ಟು ಬರುತ್ತದೋ ಅದರ ಮೇಲೆ ಸಾವಿರ ಒಂದೂವರೆ ಸಾವಿರ ಕೈಯಿಂದ ಹಾಕಲು ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿ ಕೇಳಿದರೆ ನಗುತ್ತಾ ನಮಸ್ಕಾರ ಹೇಳಿ ಮುಂದಿನ ಓಣಿಗೆ ಹೋಗುತ್ತಾರೆ. ಟೈಲ್ಸ್ ಇಟಲಿಯದ್ದು ಹಾಕಿಸಿದ್ದೀನಿ, ಕಿಚನ್ ಮಾಡ್ಯುಲರ್ ಇದೆ ಅಂದರೂ ಅಷ್ಟೇ. ನಮ್ಮ ಹಿಂದಿನ ಓಣಿಯಲ್ಲಿ ಒಬ್ಬರು ಸಿಕ್ಕಾಪಟ್ಟೆ ಖರ್ಚು ಮಾಡಿ ಎರಡು ಫ್ಲೋರ್ ಕಟ್ಟಿಸಿ 16,000 ಅಂತ ಬೋರ್ಡ್ ಹಾಕಿದರು. ಮಿಲ್ಟ್ರಿಯವರು ಬಂದು ನೋಡಿ ಫೋಟೋ ತೆಗೆದುಕೊಂಡು ಹೋದರು, ಯಾರೂ ಬಾಡಿಗೆಗೆ ಬರಲಿಲ್ಲ. ಈಗ ಅಲ್ಲಿ ಒಂದು ಟ್ಯೂಷನ್ ಕ್ಲಾಸ್ ನಡೆಯುತ್ತಿದೆ.

ಪ್ಯಾನ್ ನಂಬರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ಬಾಡಿಗೆ 1 ಲಕ್ಷ ದಾಟಿದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ ಕೇಳುವವರು ಮಾಲೀಕರ ಪ್ಯಾನ್ ಕೊಡಬೇಕು. ತಿಂಗಳಿಗೆ 8,333 ಅಂತ ಲೆಕ್ಕ. ಅದಕ್ಕೇ ಕೆಲವು ಮಾಲೀಕರು 8,300ಕ್ಕೆ ರಸೀದಿ ಕೊಟ್ಟು ಉಳಿದದ್ದನ್ನು ಕೈಯಲ್ಲಿ ಕೇಳುತ್ತಾರೆ. ಮಿಲ್ಟ್ರಿಯವರ ಹತ್ತಿರ ಈ ಆಟ ಬೇಡ. ಪೂರ್ತಿ ಬಾಡಿಗೆ ಬ್ಯಾಂಕಿಗೇ ಹಾಕುತ್ತಾರೆ. ಬಾಡಿಗೆ ಆದಾಯದಲ್ಲಿ ಮನೆಪಟ್ಟಿ (ಆಸ್ತಿ ತೆರಿಗೆ) ಕಳೆದು ಉಳಿದದ್ದರಲ್ಲಿ ಶೇ 30ಕ್ಕೆ ತೆರಿಗೆ ಸುಮ್ನೆ ಬಿಡುತ್ತಾರೆ, ರಿಪೇರಿ ಬಿಲ್ ಕೂಡ ತೋರಿಸಬೇಕಾಗಿಲ್ಲ. ಕಳ್ಳಾಟ ಆಡಿ ಉಳಿಸುವಂಥದ್ದು ಏನಿದೆ ಅಂತ ನನಗಂತೂ ತಿಳಿಯಲ್ಲ.

ಕರಾರು ಪತ್ರ 11 ತಿಂಗಳದ್ದು, ಎಲ್ಲರ ಹಾಗೆ. ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕು, ಆ ತಾಪತ್ರಯ ಯಾರಿಗೆ ಬೇಕು. ಆದರೆ ನಮ್ಮ ಓಣಿಯ ಕರಾರಿನಲ್ಲಿ ಒಂದು ಸಾಲು ಜಾಸ್ತಿ ಇರುತ್ತದೆ. ಪೋಸ್ಟಿಂಗ್ ಬಂದರೆ ಅಥವಾ ಕ್ವಾರ್ಟರ್ಸ್ ಸಿಕ್ಕರೆ ಒಂದು ತಿಂಗಳ ನೋಟಿಸ್ ಕೇಳುವ ಹಾಗಿಲ್ಲ, ಮೂವ್‌ಮೆಂಟ್ ಆರ್ಡರ್ ತೋರಿಸಿದರೆ ಸಾಕು. ಹೊಸ ಮಾಲೀಕರು ಈ ಸಾಲು ನೋಡಿ ಹೆದರುತ್ತಾರೆ. ಹೆದರುವುದೇನಿಲ್ಲ. ಒಬ್ಬರು ಬಿಡುವ ಮೊದಲೇ ಅವರ ಯೂನಿಟ್ಟಿನ ಇನ್ನೊಬ್ಬರು ಬಂದು ಮನೆ ನೋಡಿಕೊಂಡು ಹೋಗಿರುತ್ತಾರೆ. ಬ್ರೋಕರ್‌ಗೆ ಒಂದು ಪೈಸೆ ಕೊಟ್ಟಿಲ್ಲ ನಾನು. ಡಿಪಾಸಿಟ್ ಕೂಡ ಎರಡು ತಿಂಗಳದ್ದು ಸಾಕು. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಅಂದರೆ ಸುಬೇದಾರ್ ಸಾಹೇಬರು ನಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಾರೆ.

ಐಡೆಂಟಿಟಿ ಕಾರ್ಡ್ ತೋರಿಸುತ್ತಾರೆ, ಝೆರಾಕ್ಸ್ ಕೊಡುವುದಿಲ್ಲ. ಅದನ್ನು ಹಟ ಹಿಡಿದು ಕೇಳಬೇಡಿ. ಆಧಾರ್ ಇರುತ್ತದೆ, ಹೊರಗೆ ಮನೆ ಮಾಡಲು ಯೂನಿಟ್ಟು ಕೊಟ್ಟ ಪರವಾನಗಿ ಇರುತ್ತದೆ, ಪೊಲೀಸ್ ಸ್ಟೇಷನ್‌ಗೆ ಮಾಹಿತಿ ಕೊಡಲು ಅದು ಸಾಕು.

ಸೀಸನ್ ಅಂದರೆ ಏಪ್ರಿಲ್, ಮೇ, ಜೂನ್. ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಊರೆಲ್ಲ ಅದಲುಬದಲು. ಆಗ ನಮ್ಮ ಅಂಗಳ ನೋಡಬೇಕು. ಕರಿ ಬಣ್ಣದ ತಗಡಿನ ಟ್ರಂಕುಗಳು, ಒಂದರ ಮೇಲೊಂದು. ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು, ಯೂನಿಟ್ಟು. ಹಳೆಯ ಯೂನಿಟ್ಟಿನ ಹೆಸರನ್ನು ಕರಿ ಬಣ್ಣ ಬಳಿದು ಅಳಿಸಿ, ಅದರ ಮೇಲೇ ಹೊಸದು ಬರೆದಿರುತ್ತಾರೆ. ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದರೆ ಕೆಳಗಿನ ಅಕ್ಷರ ಇನ್ನೂ ಕಾಣುತ್ತದೆ. ಆ ಟ್ರಂಕುಗಳೇ ಅವರ ಮಂಚ, ಅವೇ ಸೋಫಾ. ಎರಡು ಟ್ರಂಕ್ ಜೋಡಿಸಿ, ಹಾಸಿಗೆ ಹಾಕಿ, ಮೇಲೊಂದು ಕಸೂತಿ ಬೆಡ್‌ಶೀಟ್ ಹೊದಿಸಿದರೆ ದಿವಾನ್ ತಯಾರು. ಮನೆಗೆ ಬಂದ ಅರ್ಧ ದಿನದಲ್ಲಿ ಸಂಸಾರ ಹೂಡಿ ಚಹಾ ಕೊಡುತ್ತಾರೆ. ಬಿಡುವಾಗಲೂ ಅಷ್ಟೇ ಬೇಗ.

ಬಿಡುವ ದಿನ ಮನೆ ಒಪ್ಪಿಸುವ ರೀತಿ ಇದೆಯಲ್ಲ, ಅದನ್ನು ಬೇರೆ ಬಾಡಿಗೆದಾರರು ಕಲಿಯಬೇಕು. ಕಳೆದ ಮೇ ತಿಂಗಳಲ್ಲಿ ಮೇಲಿನ ಮನೆಯ ಹವಾಲ್ದಾರ್ ಬಂದು, ‘ಆಂಟೀಜಿ, ಕ್ವಾರ್ಟರ್ ನಿಕಲ್ ಗಯಾ’ ಅಂದರು. ಕ್ವಾರ್ಟರ್ಸ್ ಸಿಕ್ಕಿತು ಅಂತ. ಮುಖದಲ್ಲಿ ಖುಷಿ, ನನಗೆ ಹೇಳಲು ಸ್ವಲ್ಪ ಸಂಕೋಚ. ಹೋಗುವ ದಿನ ನನ್ನನ್ನು ಮೇಲೆ ಕರೆದು ಒಂದೊಂದೇ ಕೋಣೆ ತೋರಿಸಿದರು. ಗೋಡೆಗೆ ಹೊಡೆದ ಮೊಳೆ ತೆಗೆದು, ತೂತಿಗೆ ಬಿಳಿ ಸಿಮೆಂಟ್ ತುಂಬಿ, ಉಪ್ಪುಕಾಗದ ಉಜ್ಜಿ ನುಣ್ಣಗೆ ಮಾಡಿದ್ದರು. ನಲ್ಲಿ ತಿರುಗಿಸಿ ತೋರಿಸಿದರು, ಫ್ಯಾನ್ ಹಾಕಿ ತೋರಿಸಿದರು, ಬಲ್ಬುಗಳನ್ನು ಎಣಿಸಿ ಹೇಳಿದರು. ಅವರ ಕ್ವಾರ್ಟರ್ಸ್‌ನಲ್ಲಿ ಎಂಇಎಸ್‌ನವರಿಗೆ (ಮಿಲ್ಟ್ರಿ ಕಟ್ಟಡ ನೋಡಿಕೊಳ್ಳುವ ಇಲಾಖೆ) ಹೀಗೇ ಒಪ್ಪಿಸಬೇಕು, ಒಂದು ಗಾಜು ಒಡೆದಿದ್ದರೂ ಸಂಬಳದಲ್ಲಿ ಕಡಿತ. ಆ ರೂಢಿ ಬಾಡಿಗೆ ಮನೆಗೂ ಬಂದಿದೆ. ಬಚ್ಚಲ ಬಾಗಿಲಿನ ಚಿಲಕ ಮೊದಲೇ ಸಡಿಲ ಇತ್ತು. ಅದನ್ನೂ ಸರಿ ಮಾಡಿಸಿ ಹೋಗಿದ್ದರು.

ಹೀಗೆ ಹೊಗಳಿದ್ದಕ್ಕೆ ಎಲ್ಲ ಸುಖ ಅಂತ ತಿಳಿಯಬೇಡಿ. ಬಾಡಿಗೆ ಯಾವತ್ತೂ ಮಾರುಕಟ್ಟೆಯ ಹಾಗೆ ಏರುವುದಿಲ್ಲ. ಟಿಳಕವಾಡಿಯ ಕಡೆ ಕಾಲೇಜು, ಆಸ್ಪತ್ರೆ, ಐಟಿ ಹುಡುಗರು ಅಂತ ಬೇಡಿಕೆ ಇದ್ದಾಗ ಅವರು ಒಂದೇ ಸಲಕ್ಕೆ ಎರಡು ಸಾವಿರ ಏರಿಸುತ್ತಾರೆ. ನಮಗೆ ಆ ಧೈರ್ಯ ಇಲ್ಲ. ಇನ್ನೊಂದು, ಪೈಪೋಟಿ. ಸಿಪಾಯಿಗಳು ಹದಿನೈದು ಹದಿನೇಳು ವರ್ಷ ಸರ್ವಿಸ್ ಮಾಡಿ ನಲವತ್ತರೊಳಗೇ ಪೆನ್ಶನ್‌ಗೆ ಬರುತ್ತಾರೆ. ಮರಾಠಾ ಸೆಂಟರಿನಲ್ಲಿ ಇದ್ದವರು ಎಷ್ಟೋ ಜನ ಇಲ್ಲೇ ಜಾಗ ಕೊಂಡು ಮನೆ ಕಟ್ಟಿದ್ದಾರೆ. ಕೆಳಗೆ ತಾವು, ಮೇಲೆ ಬಾಡಿಗೆಗೆ ತಮ್ಮ ಯೂನಿಟ್ಟಿನ ಹುಡುಗರು. ‘ಸಾಬ್’ ಅಂದ ಮೇಲೆ ಆ ಹುಡುಗ ನಮ್ಮ ಮನೆಗೆ ಯಾಕೆ ಬರುತ್ತಾನೆ?

ಇನ್ನು ಅಗ್ನಿಪಥ. 2022ರ ಜೂನ್‌ನಲ್ಲಿ ಬಂತಲ್ಲ. ಮದುವೆಯಾಗದ ಹುಡುಗರನ್ನೇ ತೆಗೆದುಕೊಳ್ಳುತ್ತಾರೆ, ನಾಲ್ಕು ವರ್ಷ ಸರ್ವಿಸ್, ಆಮೇಲೆ ಹೆಚ್ಚೆಂದರೆ ಶೇ 25 ಜನ ಖಾಯಂ. ಅದು ಸೈನ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಹೇಳಲು ನಾನು ಯಾರು. ಆದರೆ ಬಾಡಿಗೆ ಕಣ್ಣಿಂದ ನೋಡಿ. ಮೊದಲು ಭರ್ತಿಯಾದ ಹುಡುಗ ಏಳೆಂಟು ವರ್ಷಕ್ಕೆ ಮದುವೆಯಾಗಿ, ನಾಯಕ್ ಆಗಿ, ಹೆಂಡತಿ ಕರೆದುಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದ. ಈಗ ನಾಲ್ಕರಲ್ಲಿ ಮೂವರು ಅಷ್ಟರೊಳಗೆ ಊರಿಗೆ ಹೋಗಿರುತ್ತಾರೆ. ಇದರ ಪರಿಣಾಮ ಇವತ್ತು ಕಾಣುವುದಿಲ್ಲ. ಹತ್ತು ವರ್ಷದ ಸಾಲ ತೆಗೆದು ಮಿಲ್ಟ್ರಿಯವರಿಗೆ ಅಂತಲೇ ಮನೆ ಕಟ್ಟುವವರು ಮಾತ್ರ ಈಗಲೇ ಯೋಚನೆ ಮಾಡಬೇಕು.

ಈಗ ಕಾರವಾರ. ನಾದಿನಿಯ ಅತ್ತೆ ಮನೆಯವರದು ಒಂದು ಕಥೆ ಇದೆ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಅನ್ನುವ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. ಕಾರವಾರ ಅಂಕೋಲಾ ನಡುವಿನ ಊರುಗಳ ಜಮೀನು ಹೋಯಿತು. ಇವರ ಸಂಬಂಧಿಕರ ಗದ್ದೆಯೂ ಹೋಯಿತು. ‘ಸೀಬರ್ಡ್ ನಿರಾಶ್ರಿತರು’ ಅನ್ನುವ ಮಾತು ಅಲ್ಲಿ ಇವತ್ತಿಗೂ ಓಡಾಡುತ್ತದೆ, ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟಿಗೆ ಅಲೆದವರಿದ್ದಾರೆ. 2005ರ ಮೇ ತಿಂಗಳಲ್ಲಿ ಆ ನೌಕಾನೆಲೆ, ಐಎನ್ಎಸ್ ಕದಂಬ, ಶುರುವಾಯಿತು. ಈಗ ಎರಡನೇ ಹಂತದ ಕೆಲಸ ನಡೆದಿದೆ. ಗದ್ದೆ ತೆಗೆದುಕೊಂಡವರಿಂದ ಬಾಡಿಗೆಯಾದರೂ ಬರಲಿ ಅನ್ನುವುದು ಅವಳ ಮಾವನ ವಾದ. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ.

ಆದರೆ ಲೆಕ್ಕ ಬೇರೆ. ಕಾರವಾರ ‘ಝಡ್’ ದರ್ಜೆಯ ಊರು, ಮೂರರಲ್ಲಿ ಕೊನೆಯದು. ಎಚ್‌ಆರ್‌ಎ ಶೇ 10. ನಮ್ಮಲ್ಲಿ 35,400ಕ್ಕೆ 7,080 ಸಿಕ್ಕರೆ ಅಲ್ಲಿ ಅದೇ ಸಂಬಳಕ್ಕೆ 3,540. ಇದನ್ನು ಹೇಳಿದಾಗ ನಾದಿನಿಯ ಗಂಡನಿಗೆ ನಂಬಿಕೆಯೇ ಬರಲಿಲ್ಲ. ಇನ್ನೂ ಮಜಾ ಏನು ಅಂದರೆ, ಕಾಳಿ ಹೊಳೆ ದಾಟಿ ಸ್ವಲ್ಪ ದೂರ ಹೋದರೆ ಗೋವಾ. ಗೋವಾಕ್ಕೆ ವಿಶೇಷ ಆದೇಶದಲ್ಲಿ ‘ವೈ’ ದರ ಕೊಟ್ಟಿದ್ದಾರೆ. ವಾಸ್ಕೋದ ಐಎನ್ಎಸ್ ಹನ್ಸಾದಲ್ಲಿ ಇರುವ ನೌಕಾಪಡೆಯವನಿಗೆ ಶೇ 20, ಅವನೇ ಕಾರವಾರಕ್ಕೆ ಬಂದರೆ ಶೇ 10. ಸಮುದ್ರ ಒಂದೇ, ಮಳೆ ಒಂದೇ, ಮೀನಿನ ರೇಟೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಕಾರವಾರದಲ್ಲಿ ನೇವಿ ಫ್ಯಾಮಿಲಿ ಹೊರಗೆ ಮನೆ ಮಾಡಿದರೆ ಅರ್ಧಕ್ಕಿಂತ ಜಾಸ್ತಿ ಬಾಡಿಗೆ ಕೈಯಿಂದಲೇ ಹೋಗುತ್ತದೆ. ಕ್ವಾರ್ಟರ್ಸ್ ಖಾಲಿ ಆದರೆ ಒಂದು ದಿನ ಕೂಡ ನಿಲ್ಲುವುದಿಲ್ಲ ಅವರು.

ಕ್ವಾರ್ಟರ್ಸ್‌ಗಳೋ, ಏಳುತ್ತಲೇ ಇವೆ. ಎರಡನೇ ಹಂತದ ಮೊದಲ ಭಾಗ (2ಎ) ಪೂರ್ತಿಯಾದಾಗ 32 ಯುದ್ಧನೌಕೆ, ಜಲಾಂತರ್ಗಾಮಿಗಳಿಗೆ ಜಾಗ, ಸುಮಾರು 10,000 ಸಿಬ್ಬಂದಿಗೆ ಫ್ಯಾಮಿಲಿ ಸಮೇತ ವಸತಿ ಅಂತ ಸರ್ಕಾರದ ಯೋಜನೆ. 2024ರಲ್ಲಿ ಹೊಸ ಪಿಯರ್‌ಗಳ (ಹಡಗು ನಿಲ್ಲುವ ಕಟ್ಟೆಗಳ) ಜೊತೆಗೆ ವಸತಿ ಕಟ್ಟಡಗಳ ಉದ್ಘಾಟನೆಯೂ ಆಯಿತು. ಹೆದ್ದಾರಿಯಿಂದಲೇ ಎತ್ತರದ ಬಿಲ್ಡಿಂಗ್‌ಗಳು ಕಾಣುತ್ತವೆ. ನಾದಿನಿ ಅವನ್ನು ತೋರಿಸಿ, ‘ನೋಡ್ರಿ ವೈನಿ, ಎಷ್ಟು ಮಂದಿ ಬರವರದಾರ’ ಅಂದಳು. ನಾನು ಅವೇ ಬಿಲ್ಡಿಂಗ್ ನೋಡಿ, ಎಷ್ಟು ಮಂದಿಗೆ ನಿನ್ನ ಮನೆ ಬೇಡವಾಗುತ್ತದೆ ಅಂತ ಎಣಿಸುತ್ತಿದ್ದೆ. ಹಳೆಯ ಬೆಳಗಾವಿ ಕ್ಯಾಂಪಿನಲ್ಲಿ ಹೊಸ ಕ್ವಾರ್ಟರ್ಸ್ ನಿಧಾನಕ್ಕೆ ಬರುತ್ತವೆ. ಅಲ್ಲಿ ಹಾಗಲ್ಲ, ಊರಿಗೆ ಊರನ್ನೇ ಕಟ್ಟುತ್ತಿದ್ದಾರೆ.

ಇನ್ನೊಂದು ವ್ಯತ್ಯಾಸ ನನಗೆ ಅಲ್ಲಿಗೆ ಹೋದ ಮೇಲೆ ಹೊಳೆಯಿತು. ಮರಾಠಾ ಸೆಂಟರ್ ಎಲ್ಲಿಗೂ ಹೋಗುವುದಿಲ್ಲ. ಜನ ಬದಲಾಗುತ್ತಾರೆ, ಹುದ್ದೆ ಅಲ್ಲೇ ಇರುತ್ತದೆ. ನೇವಿಯಲ್ಲಿ ಕೆಲಸದ ಜಾಗವೇ ತೇಲಿಕೊಂಡು ಹೋಗುತ್ತದೆ. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ನೆಲೆ ಕಾರವಾರ. ಅದರ ಮೇಲೆ ಸಾವಿರಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಾರೆ. ಅದರ ದೊಡ್ಡ ರಿಪೇರಿಗೆ 2024ರ ನವೆಂಬರ್‌ನಲ್ಲಿ ಕೊಚ್ಚಿಯ ಹಡಗುಕಟ್ಟೆಯ ಜೊತೆ 1,207.5 ಕೋಟಿಯ ಒಪ್ಪಂದ ಆಯಿತು. ಹಡಗು ತಿಂಗಳುಗಟ್ಟಲೆ ಕೊಚ್ಚಿಯಲ್ಲಿ ನಿಂತರೆ ಫ್ಯಾಮಿಲಿಯನ್ನು ಬಿಣಗಾದಲ್ಲಿ ಇಟ್ಟು ಬಾಡಿಗೆ ಕಟ್ಟುವವರು ಎಷ್ಟು ಜನ? ಕೆಲವರು ಮಕ್ಕಳ ಶಾಲೆ ಅಂತ ಉಳಿಯಬಹುದು. ಎಲ್ಲರೂ ಅಲ್ಲ.

ಖರ್ಚಿನ ಬಾಬತ್ತು ಬೇರೆ ಇದೆ. ಅವಳ ಮನೆಯ ಕಿಟಕಿ ಗ್ರಿಲ್ ಕೈಯಿಂದ ಉಜ್ಜಿ ನೋಡಿದೆ. ಬಣ್ಣ ಹಚ್ಚಿ ಎರಡು ವರ್ಷ ಆಗಿಲ್ಲ, ಪದರು ಪದರಾಗಿ ಕಿತ್ತು ಬಂತು. ಒಳಗೆ ಕೆಂಪಗೆ ತುಕ್ಕು. ಬಾಲ್ಕನಿಯ ಕೆಳಗಡೆ ಕಾಂಕ್ರೀಟ್ ಉದುರಿ ಒಳಗಿನ ಸರಳು ಕಾಣುತ್ತಿತ್ತು. ಎಸಿಯ ಹೊರಗಿನ ಯೂನಿಟ್ಟಿನ ತಗಡು ತೂತು ಬಿದ್ದಿತ್ತು. ಉಪ್ಪುಗಾಳಿ, ಮೇಲೆ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಬೆಳಗಾವಿಯಲ್ಲೂ ಮಳೆಗಾಲ ಜೋರೇ, ಗೋಡೆಗೆ ಪಾಚಿ ಹಿಡಿಯುತ್ತದೆ. ಆದರೆ ನಾನು ಹೊರಗಿನ ಪೇಂಟ್ ಐದಾರು ವರ್ಷ ತಳ್ಳುತ್ತೇನೆ. ಅವಳಿಗೆ ಅದು ಆಗುವ ಮಾತಲ್ಲ.

ಊಟ ಆದ ಮೇಲೆ ಅವರ ಮನೆಯ ಕ್ಯಾಲೆಂಡರ್ ಹಿಂದೆಯೇ ಲೆಕ್ಕ ಹಾಕಿದೆವು. ಎರಡು ಮನೆಗೆ 18 ಲಕ್ಷ ಸಾಲ ಅಂತ ಅವರ ಅಂದಾಜು. ಶೇ 9 ಬಡ್ಡಿ, 15 ವರ್ಷ. ಕಂತು ತಿಂಗಳಿಗೆ 18,250ರ ಹತ್ತಿರ. ಬಿಣಗಾದಲ್ಲಿ ಮನೆಗೆ 9,000 ಸಿಗುತ್ತದೆ ಅಂತ ಅಕ್ಕಪಕ್ಕದವರ ಮಾತು. ಎರಡೂ ಮನೆ ಹನ್ನೆರಡು ತಿಂಗಳೂ ತುಂಬಿದ್ದರೆ 18,000. ಅಂದರೆ ಪೇಂಟ್ ಇಲ್ಲ, ಗ್ರಿಲ್ ಇಲ್ಲ, ಮನೆಪಟ್ಟಿ ಇಲ್ಲ, ಒಂದು ತಿಂಗಳೂ ಖಾಲಿ ಇಲ್ಲ ಅಂದರೂ ಕೈಯಿಂದ 250 ಹೋಗುತ್ತದೆ. ನಾದಿನಿಯ ಗಂಡ ಪೆನ್ನಿನ ಕ್ಯಾಪ್ ಹಾಕಿ ಎದ್ದು ಹೋದರು. ನಾದಿನಿಯ ಮುಖ ಸಪ್ಪೆ.

ಹಾಗಂತ ಅಲ್ಲಿ ಬಾಡಿಗೆದಾರರೇ ಇಲ್ಲ ಅಂತಲ್ಲ. ನೌಕಾನೆಲೆಯ ಕೆಲಸ ಹಿಡಿದ ಕಂಪನಿಗಳ ಎಂಜಿನಿಯರ್‌ಗಳು, ಸೂಪರ್‌ವೈಸರ್‌ಗಳು ಇದ್ದಾರೆ. ಅವರಿಗೆ ಎಚ್‌ಆರ್‌ಎ ತಲೆನೋವಿಲ್ಲ, ಬಾಡಿಗೆ ಕಂಪನಿಯದೇ. ನಾಲ್ಕು ಜನ ಸೇರಿ ಒಂದು ಮನೆ ಹಿಡಿದು 14,000 ಬೇಕಾದರೂ ಕೊಡುತ್ತಾರೆ. ಕೆಲಸ ಮುಗಿದ ದಿನ ಬೀಗದ ಕೈ ಕೊಟ್ಟು ಹೊರಡುತ್ತಾರೆ. ಅವರು ಮುಗಿಸುವ ಕೆಲಸವೇ ಕ್ವಾರ್ಟರ್ಸ್ ಕಟ್ಟುವುದು! ಊರೊಳಗೆ ಮೆಡಿಕಲ್ ಕಾಲೇಜು ಇದೆ, ಜಿಲ್ಲಾ ಕಚೇರಿಗಳಿವೆ. ನನ್ನ ಕಣ್ಣಿಗೆ ಆ ಕಡೆಯವರೇ ನಂಬಿಕೆಯ ಬಾಡಿಗೆದಾರರು. ಅವರಿಗೆ ಬಿಣಗಾ ಸ್ವಲ್ಪ ದೂರ, ಅಷ್ಟೇ. ದೂರ ಅನ್ನುವುದೂ ಅಲ್ಲಿ ಹುಷಾರಾಗಿ ಅಳೆಯಬೇಕಾದ ಮಾತು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಅದರ ಬೆನ್ನಿಗೇ ಆಗಸ್ಟ್‌ನಲ್ಲಿ ಕಾಳಿ ಹೊಳೆಯ ಹಳೆ ಸೇತುವೆ ನಡುರಾತ್ರಿ ಕುಸಿದು ಬಿತ್ತು. ಸದಾಶಿವಗಡದಲ್ಲಿ ಬಾಡಿಗೆ ಕಡಿಮೆ ಅಂತ ಮನೆ ಮಾಡಿದವರು ಇದ್ದ ಒಂದೇ ಸೇತುವೆ ಮೇಲೆ ಸಾಲಾಗಿ ನಿಲ್ಲಬೇಕಾಯಿತು. ಬಿಣಗಾ ಆ ಮಟ್ಟಿಗೆ ಸೇತುವೆಯ ಈಚೆ ಇದೆ, ಅದು ಅವಳ ಪಾಲಿನ ಲಾಭ.

ನಾನು ಅವಳಿಗೆ ಹೇಳಿದ್ದು ಇಷ್ಟು. ಎರಡು ಬೇಡ, ಒಂದೇ ಮನೆ ಕಟ್ಟು. ಸಾಲ 8 ಲಕ್ಷ ದಾಟದಿರಲಿ, ಕಂತು 8,100ರ ಹತ್ತಿರ ಬರುತ್ತದೆ. ನೇವಿಯವರು ಬಂದರೆ ಸಂತೋಷ, ಆದರೆ ನೇವಿಯವರಿಗೆ ಅಂತಲೇ ಕಟ್ಟಬೇಡ. ಎರಡು ಬೆಡ್‌ರೂಮ್, ಎರಡಕ್ಕೂ ಬೇರೆ ಬೇರೆ ಬಚ್ಚಲು ಮಾಡಿಸು. ಫ್ಯಾಮಿಲಿ ಬಂದರೂ ನಡೆಯುತ್ತದೆ, ಮೆಡಿಕಲ್ ಹುಡುಗಿಯರು ನಾಲ್ಕು ಜನ ಬಂದರೂ ನಡೆಯುತ್ತದೆ. ಮೆಟ್ಟಿಲು ಹೊರಗಿನಿಂದ ಇಡು, ನಾಳೆ ಮಗನ ಮದುವೆಯಾದರೆ ನಿಮಗೇ ಬೇಕಾಗುತ್ತದೆ. 8ನೇ ವೇತನ ಆಯೋಗ 2025ರಲ್ಲಿ ಘೋಷಣೆ ಆಗಿದೆ, ಅದು ಬಂದರೆ ಮೂಲ ವೇತನ ಏರುತ್ತದೆ ಅಂತ ಅವಳ ಗಂಡ ಅಂದರು. ಏರಲಿ, ಏರಿದ ಮೇಲೆ ಇನ್ನೊಂದು ಮನೆ ಕಟ್ಟಿದರಾಯಿತು. ಪಿಲ್ಲರ್ ಮಾತ್ರ ಈಗಲೇ ಎರಡಕ್ಕೂ ಆಗುವ ಹಾಗೆ ಏಳಿಸಿ, ಸರಳಿನ ತುದಿಗೆ ಸಿಮೆಂಟ್ ಹಚ್ಚಿ ಮುಚ್ಚಿಡಿ, ಇಲ್ಲವಾದರೆ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಹೋಗುತ್ತದೆ.

ಅವಳ ಮಾವನಿಗೆ ಇದು ಅಷ್ಟು ಹಿಡಿಸಿಲ್ಲ. ‘ಬೆಳಗಾವಿಯವರಿಗೆ ಸಮುದ್ರದ ವಿಚಾರ ಏನು ಗೊತ್ತು’ ಅಂದರಂತೆ. ಸದ್ಯಕ್ಕೆ ಒಂದೇ ಮನೆ ಅಂತ ಪ್ಲಾನ್ ಮಾಡಿಸಿದ್ದಾರೆ. ನಿನ್ನೆ ರಾತ್ರಿ ಮತ್ತೆ ಫೋನ್. ಕಿಟಕಿಗೆ ಕಬ್ಬಿಣದ ಗ್ರಿಲ್ ಬೇಡ, ತುಕ್ಕು ಹಿಡಿಯದ ಪ್ಲಾಸ್ಟಿಕ್ಕಿನ ಯುಪಿವಿಸಿ ಹಾಕಿಸು ಅಂತ ನಾನು ಹೇಳಿದ್ದೆ. ಕಾರವಾರದಲ್ಲಿ ರೇಟ್ ಜಾಸ್ತಿ ಹೇಳುತ್ತಿದ್ದಾರಂತೆ. ಬೆಳಗಾವಿಯಲ್ಲಿ ವಿಚಾರಿಸಿ, ಆರು ಕಿಟಕಿಗೆ ಕೊಟೇಶನ್ ತೆಗೆದುಕೊಂಡು ಕಳಿಸಿ ಅಂದಿದ್ದಾಳೆ. ನಾಳೆ ಉದ್ಯಮಬಾಗ ಕಡೆ ಹೋಗಿ ಕೇಳಬೇಕು.